ಓದುಗರ ಪ್ರಶ್ನೆ: ಶಬ್ದದಿಂದ ಕಿಡ್ನಿ ಕಲ್ಲು ತಳ್ಳೋದು ನಿಜಾನಾ?

ಹೋದ ತಿಂಗಳು ಸೋನೋಗ್ರಫಿ ಬಗ್ಗೆ ಬರೆದಾಗ ಕೊನೇಲಿ ಒಂದು ಸಾಲು ಹಾಕಿದ್ದೆ, ಇದೇ ಅಲ್ಟ್ರಾಸೌಂಡಿಂದ, ಅಂದ್ರೆ ಕಿವಿಗೆ ಕೇಳದ ಶಬ್ದದಿಂದ, ಈಗ ಕಿಡ್ನಿ ಕಲ್ಲನ್ನ ಹೊರಗಿಂದಲೇ ಸರಿಸೋ ಪ್ರಯೋಗ ನಡೀತಿದೆ ಅಂತ. ಉಳಿದದ್ದೆಲ್ಲ ಬಿಟ್ಟು ಜನ ಆ ಒಂದೇ ಸಾಲು ಹಿಡ್ಕೊಂಡಿದ್ದಾರೆ, ಬಂದ ಪತ್ರ, ವಾಟ್ಸಾಪ್ ಎಲ್ಲಾ ಅದರ ಮೇಲೇನೇ. ಆಶ್ಚರ್ಯ ಏನಿಲ್ಲ ಬಿಡಿ, ಮುಂಬೈ ಬೇಸಿಗೇಲಿ ಬೆವರು ಸುರಿಸ್ಕೊಂಡು, ಲೋಕಲ್‌ನಲ್ಲಿ ಎರಡು ಗಂಟೆ ಹೋಗಬೇಕು ಅಂತ ನೀರೇ ಕುಡೀದೆ ಓಡಾಡೋ ನಮ್ಮಂಥೋರ ಮನೇಲಿ ಒಬ್ಬರಿಗಾದ್ರೂ ಮುತಖಡಾ, ಅಂದ್ರೆ ಈ ಕಿಡ್ನಿ ಕಲ್ಲು, ಇದ್ದೇ ಇರತ್ತೆ. ಒಂದು ಮಾತು ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರಲ್ಲ, ಸರ್ವೀಸ್ ಪೂರ್ತಿ ಕಬ್ಬಿಣದ ವೆಲ್ಡಿಂಗ್ ಒಳಗೆ ಬಿರುಕು ಇದೆಯಾ ಅಂತ ಅಲ್ಟ್ರಾಸೌಂಡ್ ಪ್ರೋಬ್ (ಶಬ್ದ ಬಿಡೋ, ಕೈಯಲ್ಲಿ ಹಿಡಿಯೋ ಸಾಧನ) ಇಟ್ಟು ಹುಡುಕಿದವನು. ಹಾಗಾಗಿ ಶಬ್ದದ ಬಗ್ಗೆ ಕೇಳಿದ್ರೆ ಧೈರ್ಯವಾಗಿ ಹೇಳ್ತೀನಿ, ನಿಮ್ಮ ಕಲ್ಲಿಗೆ ಆಪರೇಷನ್ ಬೇಕಾ ಬೇಡವಾ ಅನ್ನೋದನ್ನ ನಿಮ್ಮ ಯೂರೊಲಾಜಿಸ್ಟ್, ಅಂದ್ರೆ ಮೂತ್ರರೋಗದ ಡಾಕ್ಟರ್ ಹತ್ರ ಕೇಳಿ.

ಪ್ರಶ್ನೆ: ಮಗಳು ಹನ್ನೊಂದನೇ ಕ್ಲಾಸು, ಸೈನ್ಸ್. ನಿಮ್ಮ ಲೇಖನ ಓದಿ ಜಗಳಕ್ಕೇ ಬಂದ್ಲು. ಶಬ್ದ ಅಂದ್ರೆ ಕಣಗಳು ಹಿಂದೆ ಮುಂದೆ ಅಲ್ಲಾಡೋದು, ಮುಂದೆ ಎಷ್ಟು ಹೋಗತ್ತೋ ಹಿಂದೆ ಅಷ್ಟೇ ಬರತ್ತೆ, ಅಂದ ಮೇಲೆ ಕಲ್ಲು ನಿಂತಲ್ಲೇ ನಡುಗಬೇಕೇ ಹೊರತು ಮುಂದಕ್ಕೆ ಹೇಗೆ ಹೋಗತ್ತೆ ಅಂತಾಳೆ. ನಂಗೂ ಸರಿ ಅನಿಸ್ತು. ಏನು ಹೇಳಲಿ? (ಡೊಂಬಿವಿಲಿ)

ಉತ್ತರ: ಮಗಳಿಗೆ ಶಹಬ್ಬಾಸ್ ಹೇಳಿ. ಈ ಪ್ರಶ್ನೆ ತಲೇಲಿ ಬರದೇ ಇದ್ರೆ ಮುಂದಿನದು ಯಾವುದೂ ಅರ್ಥ ಆಗಲ್ಲ. ಸ್ಕೂಲಲ್ಲಿ ಹೇಳಿಕೊಡೋ ಲೆಕ್ಕದಲ್ಲಿ ಅವಳು ಹೇಳಿದ್ದೇ ಸರಿ, ಒಂದು ಸುತ್ತು ಮುಗಿಯೋ ಹೊತ್ತಿಗೆ ಹಿಂದೆ ಮುಂದೆ ಎಲ್ಲ ವಜಾ ಆಗಿ ಸೊನ್ನೆ. ಆದ್ರೆ ಅಲೆ ಒಂದೇ ದಿಕ್ಕಿಗೆ ಓಡ್ತಾ ಇರುವಾಗ ಒಂದು ಸಣ್ಣ ವ್ಯತ್ಯಾಸ ಉಳ್ಕೊಳತ್ತೆ. ನೀರಿನ ಕಣ ಮುಂದಕ್ಕೆ ಹೋಗೋ ಕ್ಷಣ ಇದೆಯಲ್ಲ, ಆವಾಗ ಅಲ್ಲಿ ಒತ್ತಡ ಹೆಚ್ಚಿರತ್ತೆ, ನೀರು ಚೂರು ದಟ್ಟವಾಗಿರತ್ತೆ, ಹಿಂದಕ್ಕೆ ಬರೋ ಕ್ಷಣ ಒತ್ತಡ ಕಮ್ಮಿ, ನೀರು ಚೂರು ಸಡಿಲ. ಅಂದ್ರೆ ಮುಂದೆ ಹೋಗುವಾಗ ಸ್ವಲ್ಪ ಜಾಸ್ತಿ ದ್ರವ್ಯ ಹೊತ್ಕೊಂಡು ಹೋಗತ್ತೆ, ವಾಪಸ್ ಬರುವಾಗ ಸ್ವಲ್ಪ ಕಮ್ಮಿ. ಈ ಜಾಸ್ತಿ ಕಮ್ಮಿ ನಡುವಿನ ಉಳಿಕೆ ಬಹಳ ಸಣ್ಣದು, ಮಾತಾಡೋ ಶಬ್ದದಲ್ಲಿ ಯಾರ ಗಮನಕ್ಕೂ ಬರಲ್ಲ, ಆದ್ರೆ ಅಲೆ ಜೋರಾದಷ್ಟೂ ಇದು ವರ್ಗದ ಲೆಕ್ಕದಲ್ಲಿ ಏರತ್ತೆ, ಒತ್ತಡ ಹತ್ತು ಪಟ್ಟು ಮಾಡಿದ್ರೆ ತಳ್ಳೋ ಬಲ ನೂರು ಪಟ್ಟು. ಅಲೆಗಳು ಹೀಗೆ ಒತ್ತಡ ಹಾಕ್ತಾವೆ ಅಂತ ಲಾರ್ಡ್ ರೇಲಿ 1902ರಲ್ಲೇ ಬರೆದಿಟ್ಟಿದ್ದಾರೆ, ಹೊಸ ವಿಷಯವೇ ಅಲ್ಲ.

ಬಾಯಿ ಮಾತು ನಂಬಬೇಡಿ, ಕಣ್ಣಿಂದ ನೋಡಿ. ಗಣಪತಿ ಡೆಕೋರೇಷನ್‌ಗೆ ಮಂಜು ಬರಿಸೋಕೆ ಬಟ್ಟಲಲ್ಲಿ ಮುಳುಗಿಸಿಡೋ ಸಣ್ಣ ಫಾಗರ್ ಬರತ್ತಲ್ಲ, ಲೋಹಾರ್ ಚಾಳ್ ಲೈಟಿನ ಅಂಗಡೀಲಿ ಕೇಳಿದ್ರೆ ಕೊಡ್ತಾರೆ. ಅದರೊಳಗೆ ಪಂಪು ಇಲ್ಲ, ಫ್ಯಾನು ಇಲ್ಲ, ಇರೋದು ಒಂದು ಸಿರಾಮಿಕ್ ಬಿಲ್ಲೆ, ಸೆಕೆಂಡಿಗೆ ಸುಮಾರು 17 ಲಕ್ಷ ಸಲ ಅದುರತ್ತೆ, ಅಂದ್ರೆ 1.7 ಮೆಗಾಹರ್ಟ್ಸ್. ಆನ್ ಮಾಡಿ, ಮೇಲೆ ಮುತ್ತಿದ ಮಂಜನ್ನ ಬಾಯಿಂದ ಊದಿ ಆಚೆ ಸರಿಸಿ, ಬಿಲ್ಲೆಯ ಸರಿಯಾಗಿ ಮೇಲೆ ನೀರು ಗುಡ್ಡೆ ಕಟ್ಟಿ ನಿಂತಿರೋದು ಕಾಣತ್ತೆ. ತುದಿ ನಡುಗ್ತಾ ಇರತ್ತೆ, ಹನಿ ಹಾರ್ತಾ ಇರತ್ತೆ, ಆದ್ರೆ ಗುಡ್ಡೆ ಬೀಳಲ್ಲ, ಸ್ವಿಚ್ ಆಫ್ ಮಾಡಿದ ತಕ್ಷಣ ಚಪ್ಪಟೆ. ಆ ನೀರನ್ನ ಮೇಲಕ್ಕೆ ತಳ್ಳಿ ಹಿಡಿದಿರೋದು ಶಬ್ದವೇ. ಬರೀ ನಡುಕ ಆಗಿದ್ರೆ ಗುಡ್ಡೆ ಯಾಕೆ ಏಳ್ತಿತ್ತು ಅಂತ ಮಗಳನ್ನ ಕೇಳಿ. ಬೆರಳು ಮಾತ್ರ ಬಿಲ್ಲೆ ಮೇಲೆ ಇಡೋಕೆ ಬಿಡಬೇಡಿ, ಚುರುಕ್ ಅಂತ ಸುಡತ್ತೆ.

ಈಗ ಕಲ್ಲಿನ ಲೆಕ್ಕ. ಹನ್ನೊಂದನೇ ಕ್ಲಾಸಲ್ಲೇ ಆಗೋ ಲೆಕ್ಕ ಇದು. ಶಬ್ದ ಒಂದು ವಸ್ತುವಿಗೆ ಬಡಿದು ಪೂರ್ತಿ ಅದರಲ್ಲೇ ಹೀರಿಹೋದ್ರೆ ಬಲ ಎಷ್ಟು ಅಂದ್ರೆ ಪವರನ್ನ ಶಬ್ದದ ವೇಗದಿಂದ ಭಾಗಿಸಿದ್ರೆ ಬಂದಷ್ಟು, ನೇರ ಹಿಂದಕ್ಕೆ ಪುಟಿದ್ರೆ ಅದರ ಎರಡರಷ್ಟು. ಮೈಯೊಳಗೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 1540 ಮೀಟರ್. ಸುಮ್ನೆ ಲೆಕ್ಕಕ್ಕೆ ಕಲ್ಲಿನ ಮೇಲೆ 10 ವ್ಯಾಟ್ ಬಿತ್ತು ಅಂತ ಹಿಡ್ಕೊಳ್ಳಿ, ಬಲ 0.0065 ನ್ಯೂಟನ್, ಅಂದ್ರೆ ಮುಕ್ಕಾಲು ಗ್ರಾಂಗಿಂತಲೂ ಕಮ್ಮಿ ತೂಕ. ಇಷ್ಟೇನಾ ಅಂತ ನಗು ಬರತ್ತೆ. ಆದ್ರೆ ಕಲ್ಲಿನ ತೂಕ ಎಷ್ಟು? 5 ಮಿಲಿಮೀಟರ್ ಗುಂಡನೆಯ ಕಲ್ಲು, ಸಾಂದ್ರತೆ ನೀರಿನ ಎರಡು ಪಟ್ಟು ಅಂತ ಇಟ್ಕೊಂಡ್ರೆ 0.13 ಗ್ರಾಂ, ಅದೂ ಮೂತ್ರದಲ್ಲಿ ಮುಳುಗಿರೋದ್ರಿಂದ ಆರ್ಕಿಮಿಡೀಸ್ ಅರ್ಧ ತೂಕ ಕಿತ್ಕೊಂಡ, ಉಳಿದದ್ದು 0.065 ಗ್ರಾಂ. ನಮ್ಮ ಬಲ ಅದರ ಹತ್ತು ಪಟ್ಟು ಆಯ್ತಲ್ಲ! ಇಷ್ಟು ದಿನ ಜೀವ ಹಿಂಡಿದ ಕಲ್ಲು ನಿಜವಾಗಿ ನೋಡಿದ್ರೆ ಇಷ್ಟು ಹಗುರ.

ಅದೇ ಶಬ್ದ ಚರ್ಮ, ಮಾಂಸ, ಕಿಡ್ನಿ ಎಲ್ಲಾ ದಾಟಿ ಹೋಗುವಾಗ ಅವನ್ನ ಯಾಕೆ ಹಾಗೆ ತಳ್ಳಲ್ಲ ಅಂತಾನೂ ಕೇಳ್ತಾಳೆ ನೋಡಿ. ಚೂರು ತಳ್ಳತ್ತೆ, ಆದ್ರೆ ಅವೆಲ್ಲ ಶಬ್ದದ ಮಟ್ಟಿಗೆ ಹೆಚ್ಚುಕಮ್ಮಿ ನೀರೇ, ಅಲೆ ನುಸುಳ್ಕೊಂಡು ಹೋಗಿಬಿಡತ್ತೆ, ಎಲ್ಲಿ ಪುಟಿಯಲ್ವೋ ಹೀರಿಹೋಗಲ್ವೋ ಅಲ್ಲಿ ಬಲ ಇಲ್ಲ. ಕಲ್ಲು ಹಾಗಲ್ಲ, ಅದರೊಳಗೆ ಶಬ್ದದ ವೇಗ ಎರಡು ಮೂರು ಪಟ್ಟು, ಸಾಂದ್ರತೆನೂ ಜಾಸ್ತಿ, ಹಾಗಾಗಿ ದೊಡ್ಡ ಪಾಲು ಮುಖಕ್ಕೆ ಹೊಡೆದು ವಾಪಸ್. ಸೋನೋಗ್ರಫೀಲಿ ಕಲ್ಲು ಬೆಳ್ಳಗೆ ಹೊಳೆದು ಅದರ ಹಿಂದೆ ಕಪ್ಪು ನೆರಳು ಬೀಳೋದೂ ಇದಕ್ಕೇ. ಇನ್ನೊಂದು, ಮೂತ್ರವೂ ಚೂರು ಶಕ್ತಿ ಹೀರಿ ತಾನೇ ಹರಿಯೋಕೆ ಶುರು ಮಾಡತ್ತೆ, ಆ ಹರಿವಿನ ಜೊತೆ ಪುಡಿ ಚೂರುಗಳು ತೇಲ್ಕೊಂಡು ಹೋಗ್ತಾವೆ.

ಪ್ರಶ್ನೆ: ಸರ, ನಮ್ಮ ತಮ್ಮಗ ಕಲ್ಲು ಕಿಡ್ನಿಯಿಂದ ಕೆಳಗ ಇಳದು ನಳಿಗ್ಯಾಗ ಸಿಕ್ಕೊಂಡೈತ್ರಿ. ಹೊರಗಿಂದ ಶಬ್ದದಿಂದ ತಳ್ಳೂದು ಇಷ್ಟು ಸರಳ ಇದ್ರ ಸೀದಾ ಕೆಳಗ ತಳ್ಳಿ ಹೊರಗ ಹಾಕಬಾರದೇನ್ರಿ? ಡಾಕ್ಟರ್ ಮಂದಿ ಯಾಕ ಸ್ಟೆಂಟು, ಲೇಸರು ಅಂತಾರ? (ಚಿಂಚವಡ, ಪುಣೆ)

ಉತ್ತರ: ತಳ್ಳೋದು ಕಷ್ಟ ಅಲ್ಲ ಅಂತ ಮೇಲೆ ನೋಡಿದ್ವಿ. ಕಷ್ಟ ಇರೋದು ಯಾವ ಕಡೆಗೆ ಅನ್ನೋದರಲ್ಲಿ, ನನ್ನ ಕೇಳಿದ್ರೆ ಈ ವಿದ್ಯೆಯ ಗುಟ್ಟು ಪೂರ್ತಿ ಅಲ್ಲೇ ಇದೆ.

ಲೋಕಲ್ ಟ್ರೇನಲ್ಲಿ ದಾದರ್ ಸ್ಟೇಷನ್‌ಗೆ ಇಳಿಯೋ ಗುಂಪು ಹಿಂದಿಂದ ಒತ್ತಿದ್ರೆ ನೀವು ಬಾಗಿಲ ಕಡೆಗೇ ಹೋಗ್ತೀರಿ, ನಿಮಗೆ ಕಿಟಕಿ ಪಕ್ಕ ಹೋಗಬೇಕಿತ್ತು ಅಂದ್ರೆ ಯಾರು ಕೇಳ್ತಾರೆ? ಅಲ್ಟ್ರಾಸೌಂಡೂ ಹಾಗೇ, ಪ್ರೋಬಿಂದ ದೂರಕ್ಕೆ ಮಾತ್ರ ತಳ್ಳತ್ತೆ. ಮೂತ್ರನಾಳ ಕಿಡ್ನಿಯಿಂದ ಮೂತ್ರಚೀಲದ ತನಕ ಸುಮಾರು 25 ಸೆಂಟಿಮೀಟರ್ ಕೆಳಮುಖ ಇಳಿಯತ್ತೆ. ಕಲ್ಲನ್ನ ಸೀದಾ ಕೆಳಕ್ಕೆ ದೂಡಬೇಕಾದ್ರೆ ಪ್ರೋಬ್ ಕಲ್ಲಿನ ಮೇಲ್ಗಡೆ, ಅಂದ್ರೆ ತಲೆ ಕಡೆಯಿಂದ ಬರಬೇಕು, ಅಲ್ಲಿ ಇಡೋಕೆ ಜಾಗ ಎಲ್ಲಿದೆ? ಸಿಗೋದು ಬೆನ್ನು, ಪಕ್ಕೆ, ಹೊಟ್ಟೆ, ಇಷ್ಟೇ. ಪಕ್ಕೇಲಿ ಇಟ್ರೆ ಎಲುಬು ಅಡ್ಡ, ಹೊಟ್ಟೇಲಿ ಇಟ್ರೆ ಕರುಳಿನ ಗ್ಯಾಸ್ ಅಡ್ಡ, ಗಾಳಿಯ ಗುಳ್ಳೆ ಬಂತು ಅಂದ್ರೆ ಅಲ್ಟ್ರಾಸೌಂಡ್ ಅಲ್ಲಿಗೇ ಮುಗೀತು, ನಮ್ಮ ವೆಲ್ಡಿಂಗಲ್ಲೂ ಪ್ರೋಬ್ ಅಡಿ ಗ್ರೀಸ್ ಹಚ್ಚದೆ ಇಟ್ರೆ ಪರದೆ ಮೇಲೆ ಏನೂ ಬರ್ತಿರಲಿಲ್ಲ. ಅದಕ್ಕೇ ಈ ಕೆಲಸ ಮಾಡೋರು ರೋಗಿಯನ್ನ ಮಗ್ಗುಲಾಗಿ ತಿರುಗಿಸ್ತಾರೆ, ಬೋರಲು ಮಲಗಿಸ್ತಾರೆ, ಪ್ರೋಬ್ ಓರೆ ಮಾಡ್ತಾರೆ, ಸಿಕ್ಕ ಕೋನದಲ್ಲಿ ಕಲ್ಲು ದಾರಿ ಕಡೆ ಜರುಗಿದ್ರೆ ಸಾಕು ಅಂತ.

ಅದರ ಮೇಲೆ ಕಿಡ್ನಿ ಒಳಗಿನ ಕಲ್ಲು ತೆರೆದ ಜಾಗದಲ್ಲಿ ಮೂತ್ರದೊಳಗೆ ಬಿದ್ದಿರತ್ತೆ, ತಳ್ಳಿದ್ರೆ ಹೋಗತ್ತೆ. ನಾಳದ ಒಳಗಿನ ಅಗಲವೇ 3–4 ಮಿಲಿಮೀಟರ್, ಅಲ್ಲಿ ಸಿಕ್ಕಿದ ಕಲ್ಲನ್ನ ಸುತ್ತಲಿನ ಗೋಡೆ ಬಿಗಿಯಾಗಿ ಹಿಡ್ಕೊಂಡಿರತ್ತೆ, ಊದ್ಕೊಂಡೂ ಇರತ್ತೆ, ನನ್ನ ಹತ್ತು ಪಟ್ಟಿನ ಲೆಕ್ಕ ಅಲ್ಲಿ ನಡೆಯಲ್ಲ. ಹಾಗಂತ ಆಗೋದೇ ಇಲ್ಲ ಅಂತಲ್ಲ. ಅಮೆರಿಕಾದ ವಾಷಿಂಗ್ಟನ್ ವಿಶ್ವವಿದ್ಯಾಲಯ, ಸಿಯಾಟಲ್‌ನಲ್ಲಿರೋದು, ಅಲ್ಲಿನ ಮೈಕೇಲ್ ಬೇಲಿ ತಂಡವೇ ಈ ವಿದ್ಯೆಯ ಮೂಲ. ಅವರು 2022ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನಾಳದಲ್ಲಿ ಕಲ್ಲು ಸಿಕ್ಕಿದ್ದ 29 ಜನರಿಗೆ ಅನಸ್ತೀಷಿಯಾ ಇಲ್ಲದೆ, ಎಚ್ಚರ ಇರುವಾಗಲೇ ಮಾಡಿದ್ರು, 19 ಜನರಲ್ಲಿ ಕಲ್ಲು ಜರುಗಿತು, ಇಬ್ಬರಲ್ಲಂತೂ ನಾಳದಿಂದ ಮೂತ್ರಚೀಲಕ್ಕೇ ಬಿತ್ತು. ಪೂರ್ತಿ ಕೆಳಗೆ ಹೋಗದಿದ್ರೂ ಸಿಕ್ಕಿದ ಜಾಗದಿಂದ ಅಲುಗಿದ್ರೆ ಅದರ ಪಕ್ಕದಿಂದ ಮೂತ್ರ ಹರಿಯೋಕೆ ದಾರಿ ಆಗತ್ತೆ.

ನಿಮ್ಮ ತಮ್ಮನ ವಿಷಯ: ಇದು ನಮ್ಮಲ್ಲಿ ದಿನನಿತ್ಯದ ಚಿಕಿತ್ಸೆ ಅಲ್ಲ, ಇದಕ್ಕೆ ಕಾಯ್ಕೊಂಡು ಕೂರಬೇಡಿ. ಸಿಕ್ಕಿದ ಕಲ್ಲಿನ ಜೊತೆ ಚಳಿಜ್ವರ ಬಂದ್ರೆ ರಾತ್ರಿ ಎಷ್ಟೊತ್ತಾಗಿದ್ರೂ ಆಸ್ಪತ್ರೆಗೆ ಓಡಿ, ಬೆಳಗಾಗಲಿ ಅನ್ನಬೇಡಿ. ಕಟ್ಟಿಕೊಂಡ ಮೂತ್ರದಲ್ಲಿ ಸೋಂಕು ಆಯ್ತು ಅಂದ್ರೆ ಜೀವಕ್ಕೇ ಕುತ್ತು, ಆಗ ಸ್ಟೆಂಟೇ, ಅಂದ್ರೆ ಮೂತ್ರ ಹರಿಯೋಕೆ ನಾಳದೊಳಗೆ ಇಡೋ ಸಣ್ಣ ಕೊಳವೆಯೇ ಕಾಪಾಡೋದು.

ಪ್ರಶ್ನೆ: ನಮ್ಮ ಭಾವನಿಗೆ ವರ್ಷಗಳ ಹಿಂದೆ ಲಿಥೊಟ್ರಿಪ್ಸಿ ಮಾಡಿದ್ರು, ಅದೂ ಹೊರಗಿಂದಲೇ ಶಬ್ದದಿಂದ ಕಲ್ಲು ಒಡೆಯೋದಲ್ವಾ? ಇದರಲ್ಲಿ ಹೊಸದೇನು? (ಮಾಟುಂಗಾ)

ಉತ್ತರ: ಅದು ಒಡೆಯೋದು, ಇದು ತಳ್ಳೋದು, ಅದೇ ಮುಖ್ಯ ವ್ಯತ್ಯಾಸ. ಲಿಥೊಟ್ರಿಪ್ಸಿ ಮೊದಲು ಮಾಡಿದ್ದು ಜರ್ಮನಿಯ ಮ್ಯೂನಿಕ್‌ನಲ್ಲಿ, 1980ರ ಫೆಬ್ರವರೀಲಿ, ಯಂತ್ರ ಕೊಟ್ಟಿದ್ದು ಡಾರ್ನಿಯರ್ ಅನ್ನೋ ವಿಮಾನ ಕಂಪನಿ, ಹೌದು, ನಮ್ಮ ಕೋಸ್ಟ್‌ಗಾರ್ಡ್‌ನವರು ಹಾರಿಸೋ ಡಾರ್ನಿಯರ್ ವಿಮಾನದ ಅದೇ ಹೆಸರು. ಆಗ ರೋಗಿಯನ್ನ ನೀರಿನ ತೊಟ್ಟೀಲಿ ಕೂರಿಸಿ ಆಘಾತ ತರಂಗ ಬಿಡ್ತಿದ್ರು. ಒಂದೊಂದೇ ದೊಡ್ಡ ಏಟು, ನಿಮಿಷಕ್ಕೆ 60ರಿಂದ 120, ಒಟ್ಟು ಎರಡು ಮೂರು ಸಾವಿರ ಏಟು. ಕಲ್ಲು ಒಡೆಯತ್ತೆ, ಚೂರುಗಳು ಮಾತ್ರ ಅಲ್ಲೇ ಬಿದ್ದಿರ್ತಾವೆ. ಕಿಡ್ನಿಯ ಕೆಳಗಿನ ಮೂಲೇಲಿ ಇದ್ರೆ ಮೇಲೆ ಹತ್ತಿ ಬರಲ್ಲ, ಅಲ್ಲೇ ಕೂತು ಮತ್ತೆ ಬೆಳೀತಾವೆ. ತಳ್ಳೋ ವಿದ್ಯೆ ನಿಜಕ್ಕೂ ಕೆಲಸಕ್ಕೆ ಬರೋದು ಇಲ್ಲೇ. ಮನುಷ್ಯರ ಮೇಲಿನ ಮೊದಲ ಪ್ರಯೋಗ, 2016ರಲ್ಲಿ ಪ್ರಕಟ ಆಗಿದ್ದು, 15 ಜನರಲ್ಲಿ 14 ಜನರ ಕಲ್ಲು ಕದಲಿತ್ತು, ಅದರಲ್ಲಿ ಒಂದು ತಮಾಷೆ ಏನಾಯ್ತು ಅಂದ್ರೆ ಒಂದೇ ದೊಡ್ಡ ಕಲ್ಲು, ಆಪರೇಷನ್ನೇ ಬೇಕು ಅಂದ್ಕೊಂಡಿದ್ದು ತಳ್ಳಿ ನೋಡಿದ್ರೆ ಚೆದುರಿ ಹೋಯ್ತು, ತಾನಾಗೇ ಹೊರಗೆ ಹೋಗೋಷ್ಟು ಸಣ್ಣ ಚೂರುಗಳ ಗುಂಪು ಅಷ್ಟೇ ಅದು! 2024ರಲ್ಲಿ ಇನ್ನೂ ಗಟ್ಟಿಯಾದ ಪರೀಕ್ಷೆ ಬಂತು, ಉಳಿಕೆ ಚೂರು ಇದ್ದ 82 ಜನರನ್ನ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ತಳ್ಳಿದ್ರು, ಇನ್ನೊಂದಕ್ಕೆ ಏನೂ ಮಾಡದೆ ಬರೀ ಗಮನಿಸ್ತಾ ಇದ್ರು. ತಳ್ಳಿಸ್ಕೊಂಡವರಲ್ಲಿ ಮತ್ತೆ ತೊಂದರೆ ಆಗೋ ಅಪಾಯ ಶೇಕಡಾ 70ರಷ್ಟು ಕಮ್ಮಿ. ನಂಗೆ ಈ ಸುದ್ದೀಲಿ ಹೆಚ್ಚು ನಂಬಿಕೆ ಬಂದಿದ್ದು ಇದು ಓದಿದ ಮೇಲೆ, ಕಲ್ಲು ಅಲ್ಲಾಡಿದ್ದನ್ನ ವಿಡಿಯೋದಲ್ಲಿ ತೋರಿಸೋದು ಬೇರೆ, ರೋಗಿಗೆ ಉಪಯೋಗ ಆಯ್ತಾ ಅಂತ ಅಳೆಯೋದು ಬೇರೆ.

ಒಡೆಯೋದರಲ್ಲೂ ಅದೇ ತಂಡ ಹೊಸ ದಾರಿ ಹಿಡಿದಿದೆ, ಬರ್ಸ್ಟ್ ವೇವ್ ಅಂತ. ಒಂದು ಭಾರೀ ಏಟಿನ ಬದಲು ಹತ್ತಿಪ್ಪತ್ತು ಸಣ್ಣ ಅಲೆಗಳ ಕಂತೆ, ಒತ್ತಡ ಎಷ್ಟೋ ಪಟ್ಟು ಕಮ್ಮಿ. ಕಂತೆ ಮೇಲೆ ಕಂತೆ ಬಂದ್ರೆ ಕಲ್ಲಿನೊಳಗೆ ಅಲೆ ಪುಟಿದು ಪುಟಿದು ನಿಗದಿತ ದೂರಕ್ಕೊಂದು ಬಿರುಕು ಬಿಡತ್ತೆ, ಆ ದೂರ ಫ್ರೀಕ್ವೆನ್ಸಿ ಮೇಲೆ, ಅಂದ್ರೆ ಅಲೆ ಸೆಕೆಂಡಿಗೆ ಎಷ್ಟು ಸಲ ಅದುರತ್ತೆ ಅನ್ನೋದರ ಮೇಲೆ ನಿಂತಿದೆ, ಫ್ರೀಕ್ವೆನ್ಸಿ ಏರಿಸಿದ್ರೆ ಚೂರು ಸಣ್ಣದು. ಅಂದ್ರೆ ಪುಡಿ ಎಷ್ಟು ನುಣ್ಣಗೆ ಬೇಕು ಅಂತ ಮೊದಲೇ ಆರಿಸ್ಕೋಬಹುದು, ಬಿರುಕು ಹುಡುಕಿ ಹೊಟ್ಟೆ ಹೊರೆದ ನನ್ನಂಥವನಿಗೆ ಬೇಕು ಅಂತಲೇ ಬಿರುಕು ಬಿಡಿಸೋ ಈ ವಿದ್ಯೆ ಭಾಳ ಖುಷಿ ಕೊಡತ್ತೆ.

ಪ್ರಶ್ನೆ: ನಾನು ಹಡಗಿನಲ್ಲಿ ಎಂಜಿನ್ ರೂಮಲ್ಲಿರೋದು. ಇದನ್ನ ಕಂಡುಹಿಡಿಯೋಕೆ ನಾಸಾ ದುಡ್ಡು ಕೊಟ್ಟಿದೆ ಅಂತ ಓದಿದೆ. ಕಿಡ್ನಿ ಕಲ್ಲಿಗೂ ನಾಸಾಕ್ಕೂ ಏನು ಸಂಬಂಧ? (ವಾಸ್ಕೊ, ಗೋವಾ)

ಉತ್ತರ: ನಿಮಗೇ ಚೆನ್ನಾಗಿ ಅರ್ಥ ಆಗಬೇಕು ಇದು, ನಡು ಸಮುದ್ರದಲ್ಲಿ ಕಲ್ಲಿನ ನೋವು ಎದ್ರೆ ಏನು ಮಾಡ್ತೀರಿ? ಅಂತರಿಕ್ಷದಲ್ಲಿ ಮೈಭಾರ ಇಲ್ಲದೆ ಎಲುಬು ಸವೀತಾ ಬರತ್ತೆ, ಅದರ ಕ್ಯಾಲ್ಸಿಯಂ ಮೂತ್ರಕ್ಕೆ ಬರತ್ತೆ, ನೀರು ಕುಡಿಯೋದೂ ಕಮ್ಮಿ, ಕಲ್ಲಿಗೆ ಇನ್ನೇನು ಬೇಕು. ಚಂದ್ರ, ಮಂಗಳ ಅಂತ ಹೊರಟ ಮೇಲೆ ಯೂರೊಲಾಜಿಸ್ಟ್ ಎಲ್ಲಿಂದ ಬರಬೇಕು? ಅಲ್ಲಿ ಕಲ್ಲು ಹೊರಗೆ ಬರಲೇಬೇಕು ಅಂತಿಲ್ಲ, ದಾರಿ ಕಟ್ಟಿದ ಕಲ್ಲನ್ನ ವಾಪಸ್ ಕಿಡ್ನಿ ಒಳಗೆ ತಳ್ಳಿದ್ರೂ ನೋವು ನಿಲ್ಲತ್ತೆ, ಊರಿಗೆ ಬರೋ ತನಕ ದಿನ ದೂಡಬಹುದು. ಮೇಲೆ ಹೇಳಿದ 2016ರ ಪ್ರಯೋಗದಲ್ಲೇ ಕಿಡ್ನಿಯ ಬಾಯಲ್ಲಿ ಅಡ್ಡ ಕೂತಿದ್ದ 10 ಮಿಲಿಮೀಟರ್ ಕಲ್ಲು ಜರುಗಿದ ಕೂಡಲೇ ಒಬ್ಬರಿಗೆ ನೋವು ಇಳಿದಿತ್ತು.

ಕಲ್ಲು ಹುಡುಕೋಕೆ ಸಿಯಾಟಲ್ ತಂಡದವರು ಬಳಸೋ ಉಪಾಯವೂ ಚಂದ. ಸೋನೋಗ್ರಫಿಯ ಕಲರ್ ಡಾಪ್ಲರ್ ಒತ್ತಿದ್ರೆ ರಕ್ತ ಹರಿಯೋ ಕಡೆ ಕೆಂಪು ನೀಲಿ ಬರಬೇಕು, ಆದ್ರೆ ಕದಲದೆ ಬಿದ್ದಿರೋ ಕಲ್ಲೂ ಕೆಂಪು ನೀಲಿ ಮಿಣಮಿಣ ಮಿನುಗತ್ತೆ. ಕಲ್ಲಿನ ಒರಟು ಮೈಯ ಸಂದೀಲಿ ಸಿಕ್ಕಿರೋ ಕಣ್ಣಿಗೆ ಕಾಣದ ಗುಳ್ಳೆಗಳು ಇದಕ್ಕೆ ಕಾರಣ, ಸುತ್ತಲಿನ ಗಾಳಿಯ ಒತ್ತಡ ಏರಿಸಿದ್ರೆ ಗುಳ್ಳೆ ಕುಗ್ಗಿ ಮಿನುಗೂ ಹೋಗತ್ತೆ, ಅದನ್ನೂ ಮಾಡಿ ನೋಡಿದ್ದಾರೆ.

ನಿಮಗೆ ನನ್ನ ಸಲಹೆ ಇಷ್ಟೇ, ಎಂಜಿನ್ ರೂಮಿನ ಸೆಕೇಲಿ ಬೆವರೇ ಎಲ್ಲ ಕುಡಿದುಬಿಡತ್ತೆ, ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗೋಷ್ಟು ನೀರು ಕುಡೀರಿ. ಕುಡಿಯೋದು ಎರಡೂವರೆ ಅಲ್ಲ, ಹೋಗೋದು.

ಪ್ರಶ್ನೆ: ಅಮ್ಮನ ಮೊಣಕಾಲಿಗೆ ಅಂತ ತಗೊಂಡ ಫಿಸಿಯೊಥೆರಪಿ ಅಲ್ಟ್ರಾಸೌಂಡ್ ಮೆಷೀನ್ ಮನೇಲೇ ಇದೆ. ಬೆನ್ನಿಗೆ ಹಿಡಿದ್ರೆ ಕಲ್ಲು ಸರಿಯತ್ತಾ? (ಘಾಟ್ಕೋಪರ್)

ಉತ್ತರ: ಇಲ್ಲ. ಅದು 1 ಅಥವಾ 3 ಮೆಗಾಹರ್ಟ್ಸ್‌ನಲ್ಲಿ ಮಾಂಸ ಬಿಸಿ ಮಾಡೋಕೆ ಇರೋದು, ಕಲ್ಲಿನ ಆಳದಲ್ಲಿ ಒಂದು ಕಡೆ ಕೂಡೋ ಹಾಗೆ ಫೋಕಸ್ ಇಲ್ಲ, ಕಲ್ಲು ಎಲ್ಲಿದೆ ಅಂತ ತೋರಿಸೋ ಪರದೆನೂ ಇಲ್ಲ. ಒಂದೇ ಕಡೆ ಒತ್ತಿ ಹಿಡಿದ್ರೆ ಸುಟ್ಟ ಗಾಯ ಆದೀತು. ಪರದೆ ಇರೋ ಮೆಷೀನ್ ಆನ್‌ಲೈನಲ್ಲಿ ತರಿಸ್ತೀನಿ ಅಂತ ಮಾತ್ರ ಹೊರಡಬೇಡಿ, ಭ್ರೂಣಲಿಂಗ ಪತ್ತೆ ತಡೆಯೋ 1994ರ ಕಾಯ್ದೆ ಪ್ರಕಾರ ನಮ್ಮ ದೇಶದಲ್ಲಿ ಸೋನೋಗ್ರಫಿ ಮೆಷೀನ್ ರಿಜಿಸ್ಟ್ರೇಷನ್ ಇಲ್ಲದೆ ಇಟ್ಕೊಳ್ಳೋ ಹಾಗಿಲ್ಲ.

ಪ್ರಶ್ನೆ: ತಳ್ಳೋದಾಯ್ತು, ಎಳೆಯೋಕೆ ಆಗಲ್ವಾ? (ಅದೇ ಡೊಂಬಿವಿಲಿ ಮಗಳು, ಬೇರೆ ಚೀಟೀಲಿ ಬರೆದು ಅಪ್ಪನ ಪತ್ರದ ಜೊತೆ ಇಟ್ಟಿದ್ದಾಳೆ)

ಉತ್ತರ: ಎಳೆಯೋದಕ್ಕಿಂತ ಹಿಡಿಯೋದು ಅನ್ನು ಪುಟ್ಟಾ. ಒಂದೇ ಬಿಲ್ಲೆಯ ಬದಲು ನೂರಾರು ಸಣ್ಣ ಬಿಲ್ಲೆ ಜೋಡಿಸಿ, ಒಂದರ ಹಿಂದೆ ಒಂದು ಚೂರು ತಡವಾಗಿ ಅದುರಿಸಿದ್ರೆ ಅಲೆ ತಿರುಚ್ಕೊಂಡು ಹೋಗತ್ತೆ, ನಡುವೆ ಸದ್ದೇ ಇಲ್ಲದ ಜಾಗ, ಸುತ್ತ ಜೋರು ಸದ್ದಿನ ಬಳೆ. ನಡುವಿನ ವಸ್ತು ಯಾವ ಕಡೆ ಜಾರಿದ್ರೂ ಬಳೆ ಅದನ್ನ ಒಳಗೇ ತಳ್ಳತ್ತೆ. ಆಮೇಲೆ ಬಿಲ್ಲೆಗಳ ಸಮಯ ಬದಲಿಸಿ ಬಳೆಯನ್ನೇ ಸರಿಸಿದ್ರೆ ವಸ್ತುನೂ ಜೊತೇಲಿ ಬರತ್ತೆ, ಅಡ್ಡಕ್ಕೂ ಬರತ್ತೆ, ಮೇಲಕ್ಕೂ ಬರತ್ತೆ. 2020ರಲ್ಲಿ ಅದೇ ಸಿಯಾಟಲ್ ತಂಡ 256 ಬಿಲ್ಲೆಯ ಪ್ರೋಬಿಂದ, ಅನಸ್ತೀಷಿಯಾ ಕೊಟ್ಟ ಹಂದಿಗಳ ಮೂತ್ರಚೀಲದೊಳಗೆ 3 ಮಿಲಿಮೀಟರ್ ಗಾಜಿನ ಗುಂಡನ್ನ ಮೊದಲೇ ಹಾಕಿಟ್ಟ ದಾರೀಲಿ ಓಡಾಡಿಸಿ ತೋರಿಸ್ತು. ಮೂತ್ರಚೀಲ ದೊಡ್ಡ ಜಾಗ, ಗುಂಡೂ ನುಣುಪು, ಕಿಡ್ನಿ ಹಾಗಲ್ಲ, ಒಳಗೆಲ್ಲ ಸಂದಿಗೊಂದಿ, ಅದರ ಮೇಲೆ ಉಸಿರಾಡಿದಾಗಲೆಲ್ಲ ಕಿಡ್ನಿನೇ ಮೇಲೆ ಕೆಳಗೆ ಜಾರ್ತಿರತ್ತೆ, ಬಳೆ ಅದರ ಹಿಂದೆ ಓಡಬೇಕು. ಮುಂದೆ ಎಂಜಿನಿಯರಿಂಗ್ ಓದೋ ಯೋಚನೆ ಇದ್ರೆ ಮಾಡೋಕೆ ಕೆಲಸ ಇನ್ನೂ ಸಾಕಷ್ಟು ಬಾಕಿ ಇದೆ.